ಸೋಮವಾರ ಅಚ್ಚಾದ ಎಲುಬು

“ಇದನ್ನ ಕೈಯಾಗ ಹಿಡಕೋರಿ, ಪಾಟೀಲ್ರ,” ಎಂದು ಪೊಲೀಸ್ ಫೌಜದಾರ ವಿದ್ಯಾವತಿ ಬಿಳಿಯ ಎಲುಬಿನ ತುಂಡನ್ನು ಮುಂದೆ ಚಾಚಿದಳು.

ಸೋಮನಿಂಗಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಮುಟ್ಟಂಗಿಲ್ಲ. ನನ್ನ ಹೇಣ್ತೀನ್ನ ಕೊಂದದ್ದು ಇದೇ.”

“ಪ್ಲಾಸ್ಟಿಕ್ ಐತ್ರಿ ಇದು.”

“ಯಮನ ಕ್ವಾಣ ಪ್ಲಾಸ್ಟಿಕ್ಕಿಂದ ಆದ್ರ ಹಾಯೂದು ಬಿಡತೈತೇನು?”

ಮೂರು ವಾರದಿಂದ ಈ ಮನುಷ್ಯನ ಬಾಯಲ್ಲಿ ಬೈಗುಳವನ್ನಷ್ಟೇ ಕೇಳಿದ್ದ ವಿದ್ಯಾವತಿಗೆ ಒಂದು ಕ್ಷಣ ಮರುಕ ಬಂತು. ಆದರೆ ಮರುಕ ಪಡುತ್ತ ಕೂಡುವ ಹೊತ್ತು ಅದಲ್ಲ. ಆಗಲೇ ಹನ್ನೊಂದೂಕಾಲು. ಹನ್ನೆರಡಕ್ಕೆ ಜತ್ತದಿಂದ ದೊಡ್ಡ ಸಾಹೇಬರ ಜೀಪು ಬಂದು ಕೌಸರಳನ್ನು ಕರೆದೊಯ್ಯುವುದೆಂದು ಗೊತ್ತಾಗಿಬಿಟ್ಟಿತ್ತು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಆ ಹುಡುಗಿಯ ಮೇಲೆ ಕೊಲೆಯ ಆರೋಪ ಕೂರುವುದು.

ನಡೆದದ್ದು ಇಷ್ಟು. ಸೋಮನಿಂಗಪ್ಪನ ಹೆಂಡತಿ ಶಾಂತಾದೇವಿಯ ತೊಡೆಯೆಲುಬು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ನೆಟ್ಟಗೆ ಮಾಡಲು ಹೋದ ಡಾಕ್ಟರರ ಡ್ರಿಲ್ಲು ಎಲುಬನ್ನು ದಾಟಿ ಹಿಂದಿನ ರಕ್ತನಾಳಕ್ಕೆ ಹೊಕ್ಕಿತು, ಆಕೆ ಮೇಜಿನ ಮೇಲೆಯೇ ಜೀವ ಬಿಟ್ಟಳು. ಆ ಡಾಕ್ಟರು ಹಾಗೇ ಹೋಗಿ ಡ್ರಿಲ್ಲು ಹಿಡಿದವರಲ್ಲ. ಸ್ಕ್ಯಾನ್ ತೆಗೆಸಿ ಆಕೆಯ ಎಲುಬಿನದೇ ಪಡಿಯಚ್ಚು ಆರು ಮಾಡಿಸಿ, ಆರರ ಮೇಲೂ ತಾಲೀಮು ಮಾಡಿ ಬಂದಿದ್ದರು. ಆ ಆರೂ ಅಚ್ಚಾದದ್ದು ಅಸಂಗಿಯ ಈ ಶೆಡ್ಡಿನಲ್ಲಿ.

ಒಂದು ಕಾಲಕ್ಕೆ ಇಲ್ಲಿ ದ್ರಾಕ್ಷಿ ಒಣಗಿಸುತ್ತಿದ್ದರು. ಗಂಧಕದ ವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ. ಈಗ ಆರು ಮಷೀನು ಸಾಲಾಗಿ ಕೂತಿದ್ದವು. ಕಾದ ಮೂತಿಯಿಂದ ಪ್ಲಾಸ್ಟಿಕ್ಕಿನ ದಾರ ಸೋರಿ, ಪದರದ ಮೇಲೆ ಪದರ ಕೂತು, ಗಾಜಿನ ತಟ್ಟೆಯ ಮೇಲೆ ಎಲುಬು ಬೆಳೆಯುತ್ತಿತ್ತು. ಹೊರಗೆ ಗಟ್ಟಿ ಗೋಡೆ, ಒಳಗೆ ಜೇನುಹುಟ್ಟಿನಂಥ ತೂತು. ಕೊರೆದರೆ ಜೀವಂತ ಎಲುಬನ್ನೇ ಕೊರೆದ ಹಾಗೆ ಕೈಗೆ ತಿಳಿಯಬೇಕು. ಊರೂರಿನ ಎಳೆಯ ಡಾಕ್ಟರುಗಳು ಕೈ ಪಳಗಿಸುತ್ತಿದ್ದುದು ಈ ಎಲುಬುಗಳ ಮೇಲೆ.

ಗೇಟಿನ ಹೊರಗೆ ಸೋಮನಿಂಗಪ್ಪನ ಮಂದಿ ಇಪ್ಪತ್ತು ಜನ ಮೋಟಾರ್‌ಸೈಕಲ್ಲಿಗೆ ಒರಗಿ ನಿಂತಿದ್ದರು. ಆಗಾಗ ಒಬ್ಬ ಕೌಸರಳ ಹೆಸರು ಹಿಡಿದು ಏನೋ ಕೂಗುತ್ತಿದ್ದ, ಉಳಿದವರು ನಗುತ್ತಿದ್ದರು. ಬೈದಿದ್ದರೆ ಇಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ.

ಕೌಸರ ಕೊನೆಯ ಮಷೀನಿನ ಪಕ್ಕ ಪ್ಲಾಸ್ಟಿಕ್ ಡಬ್ಬಿಯೊಂದರ ಮೇಲೆ ಕೂತಿದ್ದಳು. ಇಪ್ಪತ್ತಾರರ ಹುಡುಗಿ. ತಿಕೋಂಡಿಯ ಎಲುಬು ಕಟ್ಟುವ ನೂರಮಹಮ್ಮದನ ಮೊಮ್ಮಗಳು. ಆರು ವರ್ಷದಿಂದ ಈ ಮಷೀನುಗಳನ್ನು ನಡೆಸುತ್ತಿದ್ದವಳು ಆಕೆಯೇ. ಬೆಳಗಿನಿಂದ ಯಾರೂ ಆಕೆಗೆ ಒಂದು ಗುಟುಕು ಚಹಾ ಕೊಟ್ಟಿರಲಿಲ್ಲ, ಆಕೆ ಕೇಳಿರಲೂ ಇಲ್ಲ.

“ಮ್ಯಾಡಂ, ಯಾಕ ಎಲ್ಲಾರ ವ್ಯಾಳ್ಯಾ ಹಾಳ ಮಾಡತೀರಿ?” ಶೆಡ್ಡಿನ ಮಾಲೀಕ ವಿಜಯಕುಮಾರ ಮೆಲ್ಲನೆ ಅಂದ. ಇಸ್ತ್ರಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮಾತಿನಲ್ಲಿ ಬೆಣ್ಣೆ. ಆ ವಿನಯವನ್ನು ಕಂಡರೆ ವಿದ್ಯಾವತಿಗೆ ಮೈಯುರಿಯುತ್ತಿತ್ತು. “ಕಂಪ್ಯೂಟರ್‌ನ್ಯಾಗ ಖುಲ್ಲಾ ಐತಿ. ಆರೂ ಎಲುಬು ಸೋಮವಾರ ಅಚ್ಚಾಗ್ಯಾವ, ಕೌಸರನ ಹೆಸರಿಲೆ. ಸೋಮವಾರ ನಮ್ಮಲ್ಲಿ ಮಷೀನ್ ತಿರಗೂದಿಲ್ರಿ. ನಮ್ಮಪ್ಪ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಟ್ಟಾವಲ್ಲ, ನಾ ಮಷೀನಿಗೂ ಅದೇ ನೇಮ ಹಚ್ಚೀನಿ. ಬಸವಣ್ಣನ ದಿನಾ ಮಷೀನಿಗೆ ಕೈ ಹಚ್ಚವ್ರು ನಮ್ಮಾಗ ಯಾರದಾರ? ನೀವೇ ಹೇಳ್ರಿ.”

ಅವನು ಕೌಸರಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು.

“ನಮ್ಮಜ್ಜಾನೂ ಸೋಮವಾರ ಎತ್ತ ಹೂಡಾವಲ್ರಿ,” ಕೌಸರ ಅಂದಳು. “ತಿಕೋಂಡ್ಯಾಗ ಯಾರನ್ನರ ಕೇಳ್ರಿ. ನಾ ಸೋಮವಾರ ಇಲ್ಲಿ ಕಾಲ ಇಟ್ಟಿಲ್ಲ.”

“ನೀ ಬಾಯಿ ಮುಚ್ಚ!” ಸೋಮನಿಂಗಪ್ಪ ಗುಡುಗಿದ. ಆಮೇಲೆ ವಿದ್ಯಾವತಿಯತ್ತ ತಿರುಗಿ ಆಕೆಯ ಅಪ್ಪನ ಹೆಸರೆತ್ತಿದ. “ದರಿಬಡಚ್ಯಾಗ ಕುರಿ ಕಾಯೂ ಗೊಲ್ಲಾಳಪ್ಪನ ಮಗಳು ನಮಗ ನ್ಯಾಯಾ ಹೇಳಾಕ ಬಂದಾಳ. ಇನ್ನೇನ ನೋಡೂದೈತಿ?”

“ಕುರಿ ಕಾಯೋರಿಗೆ ತ್ವಾಳದ ಗುರ್ತ ಲಗೂನ ಹತ್ತತೈತ್ರಿ ಪಾಟೀಲ್ರ,” ಅಂದಳು ವಿದ್ಯಾವತಿ. ಸಿಟ್ಟು ಬಂದಿತ್ತು. ಬಂದ ಸಿಟ್ಟನ್ನು ಕೆಲಸಕ್ಕೆ ಹಚ್ಚುವುದು ಹೇಗೆಂದು ಹನ್ನೆರಡು ವರ್ಷದ ನೌಕರಿ ಆಕೆಗೆ ಕಲಿಸಿತ್ತು. “ಕೌಸರ, ಆ ಡ್ರಿಲ್ ತಗೊಂಡ ಬಾ.”

ಮೇಜಿನ ಮೇಲೆ ವಿದ್ಯಾವತಿ ಎರಡು ತುಂಡು ಇಟ್ಟಳು. ಒಂದು, ಆಸ್ಪತ್ರೆಯಿಂದ ಬಂದ ಆರರಲ್ಲಿ ಒಂದು. ಇನ್ನೊಂದು ಅರ್ಧಕ್ಕೇ ನಿಂತುಹೋದ ಎಲುಬು. ಮೇಲ್ತುದಿ ತೆರೆದುಕೊಂಡು ಒಳಗಿನ ಗೋಡೆ ಕಾಣುತ್ತಿತ್ತು.

ವಿಜಯಕುಮಾರನ ಕಣ್ಣು ಆ ಅರ್ಧದ ಮೇಲೆ ನಿಂತಿತು. “ಅದೆಲ್ಲಿ ಸಿಕ್ಕಿತು?”

“ಶನಿವಾರ ನಾನೇ ಶುರು ಮಾಡಿದ್ದಲ್ರೀ ಅಣ್ಣಾರ,” ಕೌಸರ ಅಂದಳು. “ಕಂಬದ ಮ್ಯಾಲಿನ ಟಿಸಿ ಸುಟ್ಟ ಕರೆಂಟ್ ಹೋತು, ಎಲುಬು ಅರ್ಧಕ್ಕ ನಿಂತಿತು. ಕರೆಂಟ್ ಬಂದದ್ದು ರವಿವಾರ ರಾತ್ರಿ. ಕೆಟ್ಟ ತುಂಡ ನೀವು ಒಗ್ಯಾಕ ಹೇಳತೀರಿ, ನಾ ಅಜ್ಜಾಗ ಒಯ್ದ ಕೊಡತೀನಿ. ಮಂದಿಗೆ ಎಲುಬ ಒಳಗ ಹೆಂಗಿರತೈತಿ ಅಂತ ತೋರಸಾಕ ಅವಗ ಬೇಕು. ಮಂಗಳವಾರ ಮುಂಜಾನೆ ನಾ ಬರೂದ್ರಾಗ ಆರೂ ತಯಾರಾಗಿ ಡಬ್ಬಿ ಕಟ್ಟಿತ್ತು. ಕೇಳಿದ್ರ, ಆತು ಬಿಡ ಅಂದ್ರಿ.”

“ಮದಲ ಆಸ್ಪತ್ರೀದು ಕೊರಿ,” ವಿದ್ಯಾವತಿ ಅಂದಳು.

ಡ್ರಿಲ್ಲು ಗುಂಯ್ ಎಂದಿತು. ಆ ಸದ್ದಿಗೆ ಸೋಮನಿಂಗಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೌಸರ ಒತ್ತಿದಳು, ಇನ್ನೂ ಒತ್ತಿದಳು. ಮೊದಲ ಗೋಡೆ ದಾಟಿ ಹಿಂದಿನ ಗೋಡೆಗೆ ಬಂದಾಗ ಭುಜದ ಭಾರವನ್ನೆಲ್ಲ ಹಾಕಬೇಕಾಯಿತು. ಕಡೆಗೊಮ್ಮೆ ತೂತು ಬಿತ್ತು.

“ಈಗ ಆ ಅರ್ಧದ್ದು. ಅಷ್ಟೇ ಜೋರಲೆ.”

ಕೌಸರ ಅಷ್ಟೇ ಜೋರಿನಿಂದ ಒತ್ತಿದಳು. ಡ್ರಿಲ್ಲು ತಡೆಯಲೇ ಇಲ್ಲ. ಎರಡೂ ಗೋಡೆ ಒಂದೇ ಉಸಿರಿಗೆ ದಾಟಿ ಕೆಳಗಿನ ಮೇಜಿನ ಹಲಗೆಗೆ ಬೆರಳುದ್ದ ಹೊಕ್ಕು ನಿಂತಿತು. ಮರದ ಪುಡಿ ಮೇಲೆದ್ದು ಬಂತು.

ಹೆಂಡತಿ ಹೇಗೆ ಸತ್ತಳೆಂಬುದನ್ನು ಸೋಮನಿಂಗಪ್ಪ ಕಣ್ಣಾರೆ ಕಂಡಂತಾಗಿತ್ತು.

“ಶಾಂತಾದೇವಿ ಬಾಯಾರ ಎಲುಬು ಹಿಂಗ ಇತ್ರಿ,” ಕೌಸರ ಸಣ್ಣ ದನಿಯಲ್ಲಿ ಅಂದಳು. “ಖಡಕ್ ರೊಟ್ಟಿಯಷ್ಟ ಗ್ವಾಡಿ. ಸ್ಕ್ಯಾನಿನ್ಯಾಗೂ ಹಂಗೇ ಐತಿ. ಆ ಆರದಾವಲ್ಲ, ಅವುಕ್ಕ ಮ್ಯಾಲಿನ ಆಕಾರ ಬಾಯಾರದು, ಒಳಗಿಂದು ಯಾವುದೋ ಪ್ರಾಯದ ಗಂಡಸಿಂದು. ಡಾಕ್ಟರ್ ಕೈ ಆರು ಸಲ ಈ ಜೋರು ಕಲಿತು. ಕೈ ಕಲತದ್ದನ್ನ ಕಣ್ಣು ಬಿಡಸಾಕ ಆಗೂದಿಲ್ರಿ.”

“ಅಂದ್ರ ಸೋಮವಾರ ಬಂದ ಬದಲ ಮಾಡಿದಾಕಿ ನೀನೇ!” ವಿಜಯಕುಮಾರ ತಟ್ಟನೆ ಅಂದ. “ಕೀಲಿ ನಿನ್ನ ಹತ್ರಾನೂ ಒಂದೈತಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಬರೆ ಎಳೆಯುವ ಕೈ ಇಷ್ಟು ಚುರುಕಾಗಿದ್ದರೆ ಅನುಮಾನ ಬರುತ್ತದೆ. ವಿದ್ಯಾವತಿ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

“ವಿಜಯಕುಮಾರ, ನೀವು ಭಾಳ ಭಕ್ತಿವಂತರು. ದಿನಾ ಮಷೀನಿಗೆ ವಿಭೂತಿ ಹಚ್ಚತೀರಂತ, ಹೌದೇನು?”

“ಹೌದ್ರಿ. ಅದ್ರಾಗ ತಪ್ಪೇನೈತಿ?”

“ತಪ್ಪಿಲ್ರಿ. ಎಲ್ಲಿ ಹಚ್ಚತೀರಿ?”

“ನೆತ್ತಿ ಮ್ಯಾಲ.”

“ಗಾಜಿನ ತಟ್ಟಿಗೆ?”

“ಇಲ್ರಿ, ತಟ್ಟಿಗೆ ಯಾರ ಹಚ್ಚತಾರ? ಮದಲನೇ ಪದರಕ್ಕ ಬೂದಿ ಹತ್ತಿದ್ರ ಪ್ಲಾಸ್ಟಿಕ್ ಚಲೋ ಹಿಡಿಯೂದಿಲ್ಲ. ನಾ ಎಂದೂ ಹಚ್ಚಿಲ್ಲ. ಕೌಸರನ್ನ ಕೇಳ್ರಿ ಬೇಕಾರ.”

ಕೌಸರ ಹೌದೆಂದು ತಲೆಯಾಡಿಸಿದಳು.

ವಿದ್ಯಾವತಿ ಆಸ್ಪತ್ರೆಯ ತುಂಡನ್ನು ತಲೆಕೆಳಗು ಮಾಡಿ ಕಿಟಕಿಯ ಬಿಸಿಲಿಗೆ ಹಿಡಿದಳು. ತಟ್ಟೆಗೆ ಅಂಟಿ ಬೆಳೆದ ಬುಡದ ಮೇಲೆ ಬೂದುಬಣ್ಣದ ಮೂರು ಗೆರೆ ಅಡ್ಡಡ್ಡ ಮೂಡಿದ್ದವು. ಆಕೆ ಆಸ್ಪತ್ರೆಯ ಉಳಿದ ಐದನ್ನೂ ಚೀಲದಿಂದ ತೆಗೆದು ಎರಡನೆಯದನ್ನು ಹಿಡಿದಳು. ಅದರಲ್ಲೂ ಮೂರು. ಮೂರನೆಯದು, ನಾಲ್ಕನೆಯದು. ಆರರಲ್ಲೂ ಮೂರು ಮೂರು ಗೆರೆ. ಶನಿವಾರದ ಅರ್ಧ ಎಲುಬಿನ ಬುಡ ಮಾತ್ರ ಗಾಜಿನಷ್ಟು ನುಣುಪಾಗಿತ್ತು.

“ಬಸವಣ್ಣನ ದಿನಾ ಮಷೀನ್ ಹೂಡಿದ್ರಿ,” ಅಂದಳು. “ಮನಸಿಗೆ ಚುಚ್ಚಿತು. ತಪ್ಪಾತಪ್ಪಾ ಅಂತ ಆರೂ ತಟ್ಟಿಗೆ ಮೂರ ಬೆರಳಿಲೆ ಎಳದ್ರಿ. ಎಂದೂ ಹಚ್ಚದಾವ್ರು ಆ ದಿನ ಹಚ್ಚಿದ್ರಿ. ಸೋಮವಾರದ ನೇಮಾ ಮುರಿದ ಮನಶ್ಯಾ ಅಂಜಿಕೊಂಡ ಮಾಡೂ ಕೆಲಸ ಇದು. ಕೌಸರ ಮಾಡ್ಯಾಳ ಅಂತೀರೇನು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಜಯಕುಮಾರನ ಕೈ ಹಣೆಗೆ ಹೋಯಿತು. ಬೆವರಿಗೆ ಕರಗಿದ ವಿಭೂತಿ ಬೆರಳಿಗೆ ಹತ್ತಿತು, ಅವನು ಅದನ್ನೇ ನೋಡುತ್ತ ಕೂತ.

ಸೋಮನಿಂಗಪ್ಪ ಅವನ ಕೊರಳಪಟ್ಟಿ ಹಿಡಿದೆತ್ತಿದ. “ನೀ ಏನಲೇ? ನನ್ನ ಮನಿ ಉಂಡಿ, ನನ್ನ ಮನ್ಯಾಗ ಕುಂತ ಅತ್ತಿ!”

“ಬಿಡ್ರಿ ಪಾಟೀಲ್ರ! ಹೇಳತೀನಿ!” ವಿಜಯಕುಮಾರನ ದನಿಯಲ್ಲಿದ್ದ ಬೆಣ್ಣೆಯೆಲ್ಲ ಕರಗಿತ್ತು. “ನಾ ನಡಸಿದ್ದು ಖರೇ. ಮಂಗಳವಾರ ಮಾಲು ಮುಟ್ಟದಿದ್ರ ಆಸ್ಪತ್ರ್ಯಾವ್ರು ಬ್ಯಾರೇದವ್ರಿಗೆ ಕೆಲಸ ಕೊಡತಿದ್ರು. ಆದ್ರ ಒಳಗಿಂದು ನಾ ಬದಲ ಮಾಡಿಲ್ರಿ, ಬಸವಣ್ಣನ ಆಣಿ. ಸೋಮವಾರ ಮುಂಜಾನೆ ಹೊಸಾ ಡಿಸ್ಕ್ ಬಂತು.”

“ಯಾರ ತಂದ್ರು?”

“ಒಂದ ಹೆಣ್ಮಗಳು. ಸ್ಕೂಟಿ ಮ್ಯಾಲ ಬಂದ್ಲು. ಮುಖಕ್ಕ ಓಢಣಿ ಕಟ್ಟಿದ್ಲು, ಕಣ್ಣಿಗೆ ಕರೀ ಚಸ್ಮಾ. ಹಳೇ ಸ್ಕ್ಯಾನ್ ತಪ್ಪೈತಿ, ಡಾಕ್ಟರ್ ಇದನ್ನ ಕೊಟ್ಟಾರ ಅಂದ್ಲು. ಕೆಲಸ ಮುಗಿದ ಮ್ಯಾಲ ಡಿಸ್ಕ್ ವಾಪಸ್ ಒಯ್ದಳು. ಬಾಯಾರು ಸತ್ತ ಸುದ್ದಿ ಬಂದ ದಿನ ನಾ ಎಲ್ಲಾ ಅಳಿಸಿ ಕೌಸರನ ಹೆಸರ ಹಾಕಿದೆ. ಯಾರೋ ಕೊಟ್ಟ ಡಿಸ್ಕಿಲೆ ಎಲುಬ ಮಾಡಿದೆ ಅಂತ ಗೊತ್ತಾದ್ರ ನನ್ನ ಬಾಗಲಾ ಹಾಕತಿದ್ರು.”

ಆರು ವರ್ಷ ತನ್ನ ಕೈಕೆಳಗೆ ದುಡಿದ ಹುಡುಗಿಯನ್ನು ಜೈಲಿಗೆ ತಳ್ಳಹೊರಟದ್ದನ್ನು ಆತ ಅಂಗಡಿಯ ಲೆಕ್ಕದಂತೆ ಹೇಳಿ ಮುಗಿಸಿದ್ದ. ವಿದ್ಯಾವತಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಮುಷ್ಟಿ ಮಾಡಿ ತೊಡೆಯ ಮೇಲಿಟ್ಟುಕೊಂಡಳು.

“ಬರೇ ಬಾಯಿಮಾತು. ಯಾರ ನಂಬತಾರ?”

“ಕಾಗದ ಐತ್ರಿ.” ಅವನು ಗೋಡೆಯ ದೇವರ ಪಟದ ಹಿಂದೆ ಕೈ ಹಾಕಿ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದ. “ಸ್ಕ್ಯಾನ್ ಬದಲಾತಂದ್ರ ಪೇಶಂಟಿನ ಪತ್ರ ಬೇಕು ಅಂದಿದ್ದೆ. ಬರದ ಸಹಿ ಮಾಡಿದ್ದನ್ನ ಕೊಟ್ಲು. ಇದೊಂದ ಸುಡಾಕ ಧೈರ್ಯಾ ಆಗಲಿಲ್ಲ.”

ವಿದ್ಯಾವತಿ ಹಾಳೆ ಬಿಚ್ಚಿದಳು. ಕೌಸರ ಎದ್ದು ಬಂದು ಆಕೆಯ ಭುಜದ ಹಿಂದೆ ನಿಂತಳು. ನೀಲಿ ಶಾಯಿ, ದುಂಡಗಿನ ಕನ್ನಡ ಅಕ್ಷರ, ನಾಲ್ಕೇ ಸಾಲು. ಹಳೆಯ ಸ್ಕ್ಯಾನ್ ರದ್ದು ಮಾಡಬೇಕು, ಇದರ ಪ್ರಕಾರ ಆರು ಪ್ರತಿ ಮಾಡಬೇಕು. ಕೆಳಗೆ ಸಹಿ: ಶಾಂತಾದೇವಿ ಸೋಮನಿಂಗಪ್ಪ ಪಾಟೀಲ.

ಹುಡುಗಿ ಉಳಿದಳು ಎಂದುಕೊಂಡಳು ವಿದ್ಯಾವತಿ. ಬೆಳಗಿನಿಂದ ಮೊದಲ ಸಲ ಎದೆ ಹಗುರಾಯಿತು. ಆ ಹಗುರದಲ್ಲೇ ಆಕೆ ತಪ್ಪು ಮಾಡಿದಳು. ಜೇಬಿನಲ್ಲಿ ಫೋನಿತ್ತು, ಒಂದು ಫೋಟೋ ತೆಗೆದುಕೊಳ್ಳಲು ಎರಡು ಕ್ಷಣ ಸಾಕಿತ್ತು. ತೆಗೆಯಲಿಲ್ಲ.

“ಸುಳ್ಳು!” ಸೋಮನಿಂಗಪ್ಪ ಅರಚಿದ. “ನನ್ನ ಹೇಣ್ತಿ ಹೆಸರಲೆ ಸಹಿ? ಆಕಿ ಸಾಲಿ ಮೆಟ್ಟಲಾನೂ ಏರಿದಾಕಿ ಅಲ್ಲ. ಜನ್ಮಾ ಪೂರ್ತಿ ಹೆಬ್ಬಟ್ಟ ಒತ್ತಿದಾಕಿ. ಕೊಡ್ರಿ ಇಲ್ಲಿ, ಯಾವ ಸೂಳೇಮಗ ಬರದಾನ ನೋಡೋಣು!”

ಆಕೆಯ ಕೈಯಿಂದ ಹಾಳೆಯನ್ನು ಕಸಿದುಕೊಂಡು ಬಾಗಿಲ ಬೆಳಕಿಗೆ ಹೋದ. ಅಂಗಿಯ ಜೇಬಿನಿಂದ ಚಸ್ಮಾ ತೆಗೆದು ಮೂಗಿಗೇರಿಸಿದ. ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ಎರಡನೆಯದಕ್ಕೆ ದನಿ ಇಳಿಯಿತು. ಮೂರನೆಯ ಸಾಲಿಗೆ ತುಟಿಯಷ್ಟೇ ಅಲ್ಲಾಡಿತು.

ಅವನು ಓದುವುದನ್ನು ನಿಲ್ಲಿಸಿದ. ತನ್ನ ಮನೆಯವರದೇ ಅಕ್ಷರ ಕಂಡವನ ಹಾಗೆ, ಸಿಟ್ಟು ಇದ್ದ ಮುಖದಲ್ಲಿ ಈಗ ಏನೂ ಇರಲಿಲ್ಲ.

“ಯಾರ ಅಕ್ಷರಾರಿ ಅದು?” ವಿದ್ಯಾವತಿ ಏಳುತ್ತ ಕೇಳಿದಳು. “ಪಾಟೀಲ್ರ, ಯಾರದು?”

ಸೋಮನಿಂಗಪ್ಪ ಹಾಳೆಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡ.

ವಿದ್ಯಾವತಿ ಹಾರಿ ಅವನ ದವಡೆ ಹಿಡಿದಳು. “ಉಗುಳ್ರಿ! ಉಗುಳ್ರಿ ಅದನ್ನ!” ಅರವತ್ತರ ಮುದುಕ ಗೂಳಿಯಂತೆ ತಲೆ ಕೊಡವಿದ. ಇಬ್ಬರೂ ಕದಕ್ಕೆ ಡಿಕ್ಕಿ ಹೊಡೆದು ನೆಲಕ್ಕೆ ಬಿದ್ದರು. ಆಕೆಯ ಬೆರಳು ಅವನ ಹಲ್ಲಿಗೆ ಸಿಕ್ಕಿ ರಕ್ತ ಬಂತು. ಅವನು ಕಣ್ಣಲ್ಲಿ ನೀರು ಬರುವಂತೆ ಅಗಿದ, ಕೆಮ್ಮಿದ, ಮತ್ತೆ ಅಗಿದ, ನುಂಗಿದ. ಆಕೆಯ ಕೈಗೆ ಸಿಕ್ಕಿದ್ದು ಶಾಯಿ ಕದಡಿದ ಒಂದಿಷ್ಟು ಎಂಜಲು.

ನೆಲದ ಮೇಲೆಯೇ ಕೂತು ಆಕೆ ಏದುಸಿರು ಬಿಟ್ಟಳು. ತನ್ನ ಮೇಲೆಯೇ ಅಸಹ್ಯವಾಯಿತು. “ವಿಜಯಕುಮಾರ, ನೀವು ಆ ಕಾಗದ ಮೂರ ವಾರ ಇಟಗೊಂಡಿದ್ರಿ. ಸಾಹೇಬರ ಮುಂದ ಹೇಳ್ರಿ.”

ವಿಜಯಕುಮಾರ ಸೋಮನಿಂಗಪ್ಪನನ್ನು ನೋಡಿದ. ಸೋಮನಿಂಗಪ್ಪ ಧೋತರದ ಚುಂಗಿನಿಂದ ಬಾಯಿ ಒರೆಸಿಕೊಳ್ಳುತ್ತ ಅವನನ್ನು ನೋಡಿದ. ಒಂದು ಮಾತೂ ಇಲ್ಲದೆ ಇಬ್ಬರ ನಡುವೆ ಮಾತುಕತೆ ಮುಗಿಯಿತು. ಮಾಲೀಕ ಅಂಗಿಯ ಕೊರಳಪಟ್ಟಿ ಸರಿಪಡಿಸಿಕೊಂಡ. ಹೋಗಿದ್ದ ವಿನಯ ವಾಪಸು ಬಂದಿತ್ತು.

“ಯಾವ ಕಾಗದರಿ, ಮ್ಯಾಡಂ?”

ಆಗ ಕೌಸರ ಮಾತಾಡಿದಳು.

“ನಾ ಓದೀನ್ರಿ.” ಆಕೆ ಒಂದು ಹೆಜ್ಜೆ ಮುಂದೆ ಬಂದಳು. “ಮ್ಯಾಡಂ ಅವರ ಹಿಂದ ನಿಂತು ನಾಲ್ಕೂ ಸಾಲ ಓದೀನಿ. ಆ ಅಕ್ಷರ ಯಾರದು ಅಂತ ನನಗೂ ಗೊತ್ತೈತಿ.”

ಸೋಮನಿಂಗಪ್ಪ ಮೂರು ವಾರದಲ್ಲಿ ಮೊದಲ ಬಾರಿಗೆ ಆ ಹುಡುಗಿಯನ್ನು ಮುಖ ಕೊಟ್ಟು ನೋಡಿದ.

ಅವನು ಗೋಡೆ ಹಿಡಿದು ಮೆಲ್ಲಗೆ ಎದ್ದ. ಬಿದ್ದ ಟೋಪಿ ಕೊಡವಿ ತಲೆಗಿಟ್ಟುಕೊಂಡ. ಮಾತಾಡಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ಹಿರಿಯನ ಮಮತೆಯೇ ಇತ್ತು.

“ನನ್ನ ತಕ್ರಾರ ವಾಪಸ್ ತಗೊಂಡೀನ್ರಿ ಮ್ಯಾಡಂ. ಪಾಪ, ಈ ಕೂಸಿಂದು ಏನೂ ತಪ್ಪಿಲ್ಲ. ಜೀಪು ಗೀಪು ಏನೂ ಬ್ಯಾಡ, ಬಿಟ್ಟಬಿಡ್ರಿ ಆಕೀನ್ನ.” ಅವನು ಗೇಟಿನತ್ತ ಕೈ ತೋರಿಸಿದ. “ಹೊರಗ ನಮ್ಮ ಮಂದಿ ಅದಾರ. ಅವ್ರೇ ಮನೀಗೆ ಮುಟ್ಟಸ್ತಾರ.”